ಆ ಪೊಟ್ಟಣ ಸಿಕ್ಕಿದ ದಿನ

ಮಕ್ಕಳ ಪ್ಯಾಂಟನ್ನು ಒಗೆಯಲು ಹಾಕುವ ಮೊದಲು ಜೇಬಿಗೆ ಕೈ ಹಾಕಿ ನೋಡುವ ಅಭ್ಯಾಸ ನಿಮಗೂ ಇರಬಹುದು. ಬಸ್ಸಿನ ಟಿಕೇಟು, ಚಿಲ್ಲರೆ ಹಣ, ಮಡಚಿದ ಯಾವುದೋ ರಶೀದಿ ಸಿಗುತ್ತದೆ. ನನಗೆ ಪರಿಚಯವಿರುವ ಒಬ್ಬ ತಾಯಿಗೆ ಒಂದು ದಿನ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿತು. ಒಳಗೆ ಸಕ್ಕರೆ ಹರಳಿನಂಥ ಪುಡಿ. ಮಗನಿಗೆ ಹತ್ತೊಂಬತ್ತು ವರ್ಷ. ಗಂಡ ಜುಬೈಲಿನಲ್ಲಿ.

ಆಕೆ ಅದನ್ನು ಬಟ್ಟೆಯಲ್ಲಿ ಕಟ್ಟಿ ಅಕ್ಕಿಯ ಡಬ್ಬದೊಳಗೆ ಇಟ್ಟರು. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೆಯ ದಿನ ಮಹಿಳೆಯರ ಕುರ್‌ಆನ್ ತರಗತಿ ಮುಗಿದ ಮೇಲೆ ಎಲ್ಲರೂ ಹೋಗುವ ತನಕ ಕಾದು ನನ್ನ ಬಳಿ ಬಂದು ಕೂತರು. "ಟೀಚರ್, ಪೊಲೀಸಿಗೆ ಹೇಳಿದರೆ ಮಗ ಜೈಲಿಗೆ ಹೋಗ್ತಾನೆ. ಜಮಾಅತಿಗೆ ಗೊತ್ತಾದರೆ ಮಗಳ ಸಂಬಂಧ ಮುರಿದು ಹೋಗ್ತದೆ. ಅವನ ಬಾಪನಿಗೆ ಹೇಳಿದರೆ ಅವರು ಅಲ್ಲೇ ಕುಸಿದು ಬೀಳ್ತಾರೆ. ಸುಮ್ಮನಿದ್ದರೆ ಅಲ್ಲಾಹನಿಗೆ ಏನು ಉತ್ತರ ಕೊಡುವುದು?"

ನನ್ನ ಹತ್ತಿರವೂ ಆಗ ಉತ್ತರವಿರಲಿಲ್ಲ. ದೀನಿನ ಮಸ್‌ಅಲ ಕೇಳಿದ್ದರೆ ಹೇಳುತ್ತಿದ್ದೆ. ಇದು ದೀನು, ಕಾನೂನು, ವೈದ್ಯಕೀಯ ಮೂರೂ ಸೇರಿದ ಪ್ರಶ್ನೆ. ಅದರ ನಂತರ ನಾನು ಓದಿದ್ದನ್ನು, ಬಲ್ಲವರಲ್ಲಿ ಕೇಳಿ ತಿಳಿದದ್ದನ್ನು ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ. ಏಕೆಂದರೆ ಮಾದಕ ದ್ರವ್ಯದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಕೇಳಿಬರುವುದು ಎರಡೇ ಸ್ವರ. ಒಂದು, ಇಂಥವರನ್ನು ನೇಣಿಗೆ ಹಾಕಬೇಕು ಎಂಬುದು. ಇನ್ನೊಂದು, ನಮ್ಮ ಮನೆಯ ಮಕ್ಕಳು ಅಂಥವರಲ್ಲ ಎಂಬುದು. ಆ ತಾಯಿಗೆ ಈ ಎರಡರಿಂದಲೂ ಪ್ರಯೋಜನವಿರಲಿಲ್ಲ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಇರುವುದು 1985ರ ಎನ್‌ಡಿಪಿಎಸ್ ಕಾಯ್ದೆ. ಅದಕ್ಕೆ ಮುಂಚೆ ಬ್ರಿಟಿಷರ ಕಾಲದ ಅಫೀಮು ಕಾಯ್ದೆಗಳೂ 1930ರ ಅಪಾಯಕಾರಿ ಔಷಧಗಳ ಕಾಯ್ದೆಯೂ ಇದ್ದವು. 1930ರ ಕಾಯ್ದೆಯಡಿ ಮೊದಲ ಅಪರಾಧಕ್ಕೆ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ. 1985ರಲ್ಲಿ ಅದು ಹೆಚ್ಚಿನ ಅಪರಾಧಗಳಿಗೆ ಒಮ್ಮೆಲೇ ಕನಿಷ್ಠ ಹತ್ತು ವರ್ಷಕ್ಕೆ ಏರಿತು. ಸ್ವಂತ ಬಳಕೆಗೆಂದು ಇಟ್ಟುಕೊಂಡ ಅಲ್ಪ ಪ್ರಮಾಣಕ್ಕೆ ರಿಯಾಯಿತಿ ಇತ್ತು. ಆದರೆ ಅದು ಸ್ವಂತ ಬಳಕೆಗೇ ಎಂದು ಸಾಬೀತುಪಡಿಸುವ ಹೊರೆ ಸಿಕ್ಕಿಬಿದ್ದವನ ಮೇಲಿತ್ತು. 1989ರಲ್ಲಿ ಕಾನೂನು ಇನ್ನಷ್ಟು ಬಿಗಿಯಾಯಿತು. ಜಾಮೀನು ಸಿಗುವುದು ಬಹಳ ಕಷ್ಟವಾಯಿತು. ದೊಡ್ಡ ಪ್ರಮಾಣದಲ್ಲಿ ಎರಡನೆಯ ಬಾರಿ ಸಿಕ್ಕಿಬಿದ್ದವನಿಗೆ ಕೆಲವು ಪ್ರಕರಣಗಳಲ್ಲಿ ಮರಣದಂಡನೆ ಕಡ್ಡಾಯವಾಯಿತು.

ಇಷ್ಟು ಕಠಿಣ ಕಾನೂನು ಬಂದ ಮೇಲೆ ಮಾದಕ ವಸ್ತು ಮಾಯವಾಯಿತೇ? ನಾವೇ ನೋಡುತ್ತಿದ್ದೇವೆ. ಆದರೆ ಬೇರೊಂದು ತೊಡಕು ಬೆಳಕಿಗೆ ಬಂತು. ಸಣ್ಣಪುಟ್ಟ ಪೊಟ್ಟಣ ಹೊತ್ತವನೂ ಲಾರಿಗಟ್ಟಲೆ ಸಾಗಿಸುವವನೂ ನ್ಯಾಯಾಲಯದಲ್ಲಿ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಿದ್ದರು. ಇದನ್ನು ಸರಿಪಡಿಸಲು 2001ರಲ್ಲಿ ತಿದ್ದುಪಡಿ ತಂದು ಶಿಕ್ಷೆಯನ್ನು ಪ್ರಮಾಣಕ್ಕೆ ತಕ್ಕಂತೆ ಮೂರು ಹಂತ ಮಾಡಲಾಯಿತು. ಅಲ್ಪ ಪ್ರಮಾಣವಾದರೆ ಈಗ ಗರಿಷ್ಠ ಒಂದು ವರ್ಷ ಅಥವಾ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ವಾಣಿಜ್ಯ ಪ್ರಮಾಣವಾದರೆ ಹತ್ತರಿಂದ ಇಪ್ಪತ್ತು ವರ್ಷ ಮತ್ತು ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ. ಇವೆರಡರ ನಡುವೆ ಬಿದ್ದರೆ ಹತ್ತು ವರ್ಷದವರೆಗೆ.

ಆ ಪ್ರಮಾಣಗಳು ಎಷ್ಟೆಂದು ತಾಯಂದಿರು ತಿಳಿದಿರಬೇಕು. ಗಾಂಜಾ ಒಂದು ಕಿಲೋವರೆಗೆ ಅಲ್ಪ, 20 ಕಿಲೋ ದಾಟಿದರೆ ವಾಣಿಜ್ಯ. ಹೆರಾಯಿನ್ 5 ಗ್ರಾಂ ಅಲ್ಪ, 250 ಗ್ರಾಂ ದಾಟಿದರೆ ವಾಣಿಜ್ಯ. ಇನ್ನು ಈಗ ನಮ್ಮ ಕಾಲೇಜು ಊರುಗಳಲ್ಲಿ ಹೆಸರು ಕೇಳಿಬರುವ ಎಂಡಿಎಂಎ? ಅರ್ಧ ಗ್ರಾಂ ಅಲ್ಪ, ಕೇವಲ 10 ಗ್ರಾಂ ದಾಟಿದರೆ ವಾಣಿಜ್ಯ. ಹತ್ತು ಗ್ರಾಂ ಎಂದರೆ ಎರಡು ಚಹಾ ಚಮಚೆಯಷ್ಟು ಸಕ್ಕರೆ ಎಂದುಕೊಳ್ಳಿ. ಅಷ್ಟಕ್ಕೆ ಹತ್ತು ವರ್ಷದ ಬಾಗಿಲು ತೆರೆಯುತ್ತದೆ. ಇದರ ಜೊತೆಗೆ, ಪುಡಿಯಲ್ಲಿ ಕಲಬೆರಕೆಯಾಗಿ ಗ್ಲೂಕೋಸೋ ಮತ್ತೊಂದೋ ಸೇರಿದ್ದರೆ ಅದರ ತೂಕವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿದೆ. "ನಾಲ್ವರು ಗೆಳೆಯರದ್ದು ಸೇರಿಸಿ ತಂದೆ, ನನ್ನದು ಸ್ವಲ್ಪವೇ" ಎಂದು ಹುಡುಗ ಹೇಳಿದರೆ ನಡೆಯುವುದಿಲ್ಲ. ಕೈಯಲ್ಲಿರುವುದೆಲ್ಲ ಅವನದ್ದೇ.

ಮನೆಯವರಿಗೂ ಇದರಲ್ಲಿ ಅಪಾಯವಿದೆ. ಗೊತ್ತಿದ್ದೂ ಮನೆಯನ್ನೋ ವಾಹನವನ್ನೋ ಇಂಥ ಕೆಲಸಕ್ಕೆ ಬಳಸಲು ಬಿಟ್ಟರೆ ಅದೂ ಅಪರಾಧ. ವಸ್ತು ಯಾರ ವಶದಲ್ಲಿ ಸಿಕ್ಕಿತೋ ಅವರಿಗೆ ಅದರ ಅರಿವಿತ್ತೆಂದೇ ನ್ಯಾಯಾಲಯ ಭಾವಿಸಿ ಹೊರಡುತ್ತದೆ. ಅರಿವಿರಲಿಲ್ಲವೆಂದು ತೋರಿಸಬೇಕಾದವರು ಅವರೇ. ಅಕ್ಕಿ ಡಬ್ಬದಲ್ಲಿ ಪೊಟ್ಟಣ ಕಾಪಾಡಿದ ಆ ಉಮ್ಮ ತನ್ನ ಮೇಲೆ ಏನು ಎಳೆದುಕೊಂಡಿದ್ದರೆಂಬುದು ಅವರಿಗೆ ತಿಳಿದಿರಲಿಲ್ಲ.

ಇದೇ ಕಾಯ್ದೆಯ ಇನ್ನೊಂದು ಮುಖ

ಕಾನೂನಿನ ಭಯಾನಕ ಕಲಮುಗಳು ಪತ್ರಿಕೆಗಳಲ್ಲಿ ಬರುತ್ತವೆ. ಅದೇ ಕಾಯ್ದೆಯ 64ಎ ಕಲಮನ್ನು ನಮ್ಮ ಎಷ್ಟು ಜನ ಕೇಳಿದ್ದಾರೆ? ನಾನಂತೂ ಕೇಳಿರಲಿಲ್ಲ, ಬಿ.ಎ. ಓದಿದ್ದರೂ. ಚಟಕ್ಕೆ ಬಿದ್ದವನು ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೆ ಒಳಗಾಗಿದ್ದು, ತಾನಾಗಿ ಸರಕಾರದ ಅಥವಾ ಸರಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪಡೆದರೆ ಆ ಅಪರಾಧಕ್ಕಾಗಿ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ ಎನ್ನುತ್ತದೆ ಅದು. ಚಿಕಿತ್ಸೆ ಪೂರ್ತಿ ಮಾಡದೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. 39ನೇ ಕಲಮಿನಡಿ ನ್ಯಾಯಾಧೀಶರು ಇಂಥವನಿಗೆ ಶಿಕ್ಷೆ ವಿಧಿಸುವ ಬದಲು ಚಿಕಿತ್ಸೆಗೆ ಕಳುಹಿಸಬಹುದು. ಅಂದರೆ ಮಾರುವವನು ಬೇರೆ, ರೋಗಿ ಬೇರೆ ಎಂಬ ವ್ಯತ್ಯಾಸ ಕಾನೂನಿನಲ್ಲೇ ಇದೆ. ಅದನ್ನು ಕಾಣದವರು ನಾವು.

2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವು ಸ್ವಂತ ಬಳಕೆಯ ಅಲ್ಪ ಪ್ರಮಾಣಕ್ಕೆ ಜೈಲು ಬೇಡ, ಅವರನ್ನು ಸಂತ್ರಸ್ತರೆಂದು ಪರಿಗಣಿಸಿ ಚಿಕಿತ್ಸೆಗೆ ಕಳುಹಿಸೋಣವೆಂಬ ಸಲಹೆ ಮುಂದಿಟ್ಟಿತು. ಆಗ ದೇಶದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅದೇ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ಹಡಗಿನ ಪಾರ್ಟಿಯೊಂದರ ಮೇಲೆ ದಾಳಿ ನಡೆದು ಹೆಸರಾಂತ ಚಿತ್ರನಟರೊಬ್ಬರ ಮಗನ ಬಂಧನವಾಗಿತ್ತು. ಅವನ ಬಳಿ ಯಾವ ಮಾದಕ ವಸ್ತುವೂ ಸಿಕ್ಕಿರಲಿಲ್ಲ. ಆದರೂ ಮೂರು ವಾರಗಳಿಗೂ ಹೆಚ್ಚು ಕಾಲ ಅವನು ಬಂಧನದಲ್ಲಿದ್ದ. 2022ರ ಮೇಯಲ್ಲಿ ಸಾಕ್ಷ್ಯವಿಲ್ಲವೆಂದು ತನಿಖಾ ಸಂಸ್ಥೆಯೇ ಅವನ ಹೆಸರನ್ನು ಕೈಬಿಟ್ಟಿತು. ಅವನಿಗೆ ದೇಶದ ದೊಡ್ಡ ದೊಡ್ಡ ವಕೀಲರಿದ್ದರು. ನಮ್ಮ ಮೀನು ಮಾರುವವರ, ಬೀಡಿ ಕಟ್ಟುವವರ ಮಗ ಹಾಗೆ ಸಿಕ್ಕಿಬಿದ್ದಿದ್ದರೆ? ದೇಶದ ಜೈಲುಗಳಲ್ಲಿ 2022ರ ಕೊನೆಗೆ ಇದ್ದವರಲ್ಲಿ ನಾಲ್ವರಲ್ಲಿ ಮೂವರು ತೀರ್ಪೇ ಬಾರದ ವಿಚಾರಣಾಧೀನ ಕೈದಿಗಳು.

ಇಲ್ಲಿ ನನಗೆ ಬನೂ ಮಖ್ಝೂಮ್ ಗೋತ್ರದ ಆ ಮಹಿಳೆಯ ಘಟನೆ ನೆನಪಾಗುತ್ತದೆ. ಕಳವು ಮಾಡಿದ ಅವಳು ದೊಡ್ಡ ಮನೆತನದವಳೆಂದು ಶಿಫಾರಸು ಬಂದಾಗ ಪ್ರವಾದಿವರ್ಯರು(ಸ) ಎಷ್ಟು ಕೋಪಗೊಂಡರೆಂಬುದು ನಿಮಗೆ ಗೊತ್ತಿದೆ. ಪ್ರತಿಷ್ಠಿತನನ್ನು ಬಿಟ್ಟು ದುರ್ಬಲನನ್ನು ಮಾತ್ರ ಶಿಕ್ಷಿಸುವುದು ಹಿಂದಿನ ಸಮುದಾಯಗಳ ನಾಶಕ್ಕೆ ಕಾರಣವಾಯಿತೆಂದು ಅವರು ಎಚ್ಚರಿಸಿದರು. ಶಿಕ್ಷೆ ಕಠಿಣವಾಗಲಿ ಎನ್ನುವವರು ಆ ಶಿಕ್ಷೆ ಯಾರ ಮೇಲೆ ಬೀಳುತ್ತಿದೆ ಎಂಬುದನ್ನೂ ನೋಡಬೇಕಲ್ಲವೇ?

ಗಲ್ಲು ಶಿಕ್ಷೆಯ ವಾದ

"ಸೌದಿಯಲ್ಲಿ ನೋಡಿ, ಸಿಂಗಾಪುರದಲ್ಲಿ ನೋಡಿ" ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ನಿಜ, ಸಿಂಗಾಪುರದಲ್ಲಿ 15 ಗ್ರಾಂಗಿಂತ ಹೆಚ್ಚು ಶುದ್ಧ ಹೆರಾಯಿನ್ ಸಾಗಿಸಿದವನಿಗೆ ಮರಣದಂಡನೆಯ ಕಾನೂನಿದೆ. ಸೌದಿಯಲ್ಲೂ ಸಾಗಾಟಗಾರರಿಗೆ ಆ ಶಿಕ್ಷೆ ಇದೆ. ಆದರೆ ಎಲ್ಲ ಮುಸ್ಲಿಮ್ ದೇಶಗಳೂ ಒಂದೇ ದಾರಿಯಲ್ಲಿಲ್ಲ. ಇರಾನ್ 2017ರಲ್ಲಿ ತನ್ನ ಕಾನೂನು ತಿದ್ದಿ, ಮರಣದಂಡನೆಗೆ ಬೇಕಾದ ಪ್ರಮಾಣವನ್ನು ಬಹಳ ಹೆಚ್ಚಿಸಿತು. ಮಲೇಷ್ಯಾ 2023ರಲ್ಲಿ ಕಡ್ಡಾಯ ಮರಣದಂಡನೆಯನ್ನೇ ತೆಗೆದು ನಿರ್ಧಾರವನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. ನಮ್ಮಲ್ಲಿಯೂ 2011ರಲ್ಲಿ ಬಾಂಬೆ ಹೈಕೋರ್ಟು ಕಡ್ಡಾಯ ಮರಣದಂಡನೆ ಸಂವಿಧಾನಕ್ಕೆ ವಿರುದ್ಧ ಎಂದಿತು, 2014ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿತು.

ಮಾದಕ ಜಾಲದ ಧಣಿಗಳ ಮೇಲೆ ನನಗೆ ಯಾವ ಕನಿಕರವೂ ಇಲ್ಲ. ಶಾಲೆಯ ಗೇಟಿನ ಬಳಿ ಮೊದಲ ಪೊಟ್ಟಣವನ್ನು ಪುಕ್ಕಟೆ ಕೊಡುವವನು ಕೊಲೆಗಾರನಿಗಿಂತ ಕಡಿಮೆಯವನಲ್ಲ. ಆದರೆ ಸಿಕ್ಕಿಬೀಳುವವನು ಹೆಚ್ಚಾಗಿ ಧಣಿಯಲ್ಲ, ಹೊರುವವನು. ಕೆಲವೊಮ್ಮೆ ಏನು ಹೊರುತ್ತಿದ್ದೇನೆಂದು ಗೊತ್ತೇ ಇಲ್ಲದವನು. ಗಲ್ಫಿಗೆ ಹೋಗಿಬರುವ ನಮ್ಮ ಮನೆಗಳು ಇದನ್ನು ಮರೆಯಬಾರದು. 2019ರಲ್ಲಿ ಮುಂಬಯಿಯ ಹೊಸ ದಂಪತಿಯೊಂದು ಸಂಬಂಧಿಕರ ಖರ್ಚಿನಲ್ಲಿ ಕತಾರಿಗೆ ಹೋಯಿತು. ಹೊರಡುವಾಗ ಅದೇ ಸಂಬಂಧಿ ಒಂದು ಪೊಟ್ಟಣ ಕೊಟ್ಟು, ಅಲ್ಲಿಯವರಿಗೆ ತಲುಪಿಸಲು ಹೇಳಿದ್ದರು. ದೋಹಾ ವಿಮಾನ ನಿಲ್ದಾಣದಲ್ಲಿ ತೆರೆದಾಗ ಸಿಕ್ಕಿದ್ದು ನಾಲ್ಕು ಕಿಲೋ ಚರಸ್. ಇಬ್ಬರಿಗೂ ಹತ್ತು ವರ್ಷ ಶಿಕ್ಷೆಯಾಯಿತು. ಗರ್ಭಿಣಿಯಾಗಿದ್ದ ಆ ಹುಡುಗಿ ಕೈದಿಯಾಗಿಯೇ ಮಗುವನ್ನು ಹೆತ್ತಳು. ತಾವು ಮೋಸ ಹೋಗಿದ್ದೇವೆಂಬ ಅವರ ಮಾತು ನ್ಯಾಯಾಲಯಕ್ಕೆ ಮನವರಿಕೆಯಾಗಿ ಖುಲಾಸೆಯಾದದ್ದು 2021ರಲ್ಲಿ. ಆ ಪೊಟ್ಟಣ ನಲ್ವತ್ತು ಕಿಲೋ ಆಗಿದ್ದು, ದೇಶ ಬೇರೆಯದಾಗಿದ್ದು, ತೀರ್ಪು ಗಲ್ಲಾಗಿದ್ದರೆ ಖುಲಾಸೆ ಯಾರಿಗೆ ತಲುಪುತ್ತಿತ್ತು? ಪಕ್ಕದ ಮನೆಯವರು "ಇದೊಂದು ಹಲ್ವ ಪ್ಯಾಕೆಟ್ ತೆಗೆದುಕೊಂಡು ಹೋಗಿ" ಎಂದಾಗ ದಾಕ್ಷಿಣ್ಯ ಬೇಡ ಸಹೋದರಿಯರೇ, ಎದುರಿಗೇ ಬಿಚ್ಚಿ ನೋಡಿ ಕಟ್ಟಿಸಿ.

ಸಂದೇಹವಿದ್ದಲ್ಲಿ ಹದ್ದ್ ಶಿಕ್ಷೆಯನ್ನು ತಡೆಯಬೇಕೆಂಬುದು ನಮ್ಮ ಫಿಕ್ಹ್‌ನ ಬಹು ಪ್ರಸಿದ್ಧ ನಿಯಮ. ಬರಗಾಲದ ವರ್ಷದಲ್ಲಿ ಹಝ್ರತ್ ಉಮರ್(ರ)ರವರು ಹಸಿದು ಕದ್ದವರ ಕೈ ಕಡಿಯುವುದನ್ನು ನಿಲ್ಲಿಸಿದ್ದನ್ನು ನಾವು ಮದ್ರಸದಲ್ಲಿ ಹೆಮ್ಮೆಯಿಂದ ಓದಿದ್ದೇವೆ. ಇಸ್ಲಾಮಿನ ಶಿಕ್ಷೆಯ ಮಾತೆತ್ತುವಾಗ ಆ ಪಾಠವನ್ನು ಮಾತ್ರ ಏಕೆ ಬಿಟ್ಟುಬಿಡುತ್ತೇವೋ.

ಎಲ್ಲವನ್ನೂ ಸಡಿಲ ಬಿಟ್ಟರೆ ಸರಿಯಾಗುತ್ತದೆ ಎಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಪೋರ್ಚುಗಲ್ ದೇಶ 2001ರಲ್ಲಿ ಸ್ವಂತ ಬಳಕೆಯನ್ನು ಅಪರಾಧಗಳ ಪಟ್ಟಿಯಿಂದ ತೆಗೆಯಿತು. ಆದರೆ ಸುಮ್ಮನೆ ಬಿಡಲಿಲ್ಲ, ಸಿಕ್ಕಿದವನನ್ನು ಕಾನೂನು, ಆರೋಗ್ಯ, ಸಮಾಜಕಾರ್ಯ ಬಲ್ಲವರ ಸಮಿತಿಯ ಮುಂದೆ ಕೂರಿಸಿ ಚಿಕಿತ್ಸೆಯತ್ತ ತಿರುಗಿಸುವ ವ್ಯವಸ್ಥೆ ಮಾಡಿತು. ಮಾರಾಟ ಅಲ್ಲಿ ಈಗಲೂ ಅಪರಾಧವೇ. ಅಮೆರಿಕದ ಓರೆಗಾನ್ ರಾಜ್ಯವೂ 2021ರಲ್ಲಿ ಅದೇ ದಾರಿ ಹಿಡಿಯಿತು. ಚಿಕಿತ್ಸೆಯ ಏರ್ಪಾಡು ನಿಧಾನವಾಯಿತು, ಬೀದಿಯಲ್ಲೇ ಸೇವಿಸುವವರ ವಿರುದ್ಧ ಜನರ ಅಸಮಾಧಾನ ಹೆಚ್ಚಿತು. 2024ರ ಸೆಪ್ಟೆಂಬರಿನಿಂದ ಅಲ್ಲಿ ಅದು ಮತ್ತೆ ಅಪರಾಧವಾಯಿತು.

ನಮ್ಮ ದೇಶದಲ್ಲಿ ಚಿಕಿತ್ಸೆಯ ಸ್ಥಿತಿ ಹೇಗಿದೆ? ಇದೇ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ಸಂಸ್ಥೆ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. ಅದರ ಪ್ರಕಾರ ಮಾದಕ ವಸ್ತುಗಳಿಗೆ ದಾಸರಾದವರಲ್ಲಿ ಬಹಳ ಕಡಿಮೆ ಜನರಿಗೆ ಮಾತ್ರ ಚಿಕಿತ್ಸೆ ಸಿಗುತ್ತಿತ್ತು. ಉಳಿದವರು ಅಕ್ಕಿ ಡಬ್ಬದ ಗುಟ್ಟುಗಳು.

ಬಹಿಷ್ಕಾರ ಪರಿಹಾರವೇ?

ಆ ತಾಯಿ ನನ್ನ ಬಳಿ ಬಂದ ಅದೇ ತಿಂಗಳು ಜಮಾಅತಿನ ಸಭೆಯಲ್ಲಿ, ಮಾದಕ ವಸ್ತು ಬಳಸುವವರ ಮನೆಯ ನಿಕಾಹಿಗೆ ಸಹಕರಿಸಬಾರದೆಂಬ ಮಾತು ಬಂತಂತೆ. ಕೇರಳದ ಕೆಲವು ಮಹಲ್ಲುಗಳಲ್ಲಿ ಇಂಥ ತೀರ್ಮಾನಗಳಾದದ್ದು ಸುದ್ದಿಯೂ ಆಗಿತ್ತು. ಹಿರಿಯರ ಉದ್ದೇಶ ಒಳ್ಳೆಯದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಂಥ ತೀರ್ಮಾನದ ಮರುದಿನ ಯಾವ ತಾಯಿ ಬಾಯಿ ಬಿಡುತ್ತಾಳೆ? ಮಗಳ ಸಂಬಂಧ ಮುರಿಯುವುದೆಂದು ಆಕೆ ಇನ್ನೂ ಆಳಕ್ಕೆ ಬಚ್ಚಿಡುತ್ತಾಳೆ. ಮಾರುವವನಿಗೆ ಬೇಕಾದದ್ದೂ ಅದೇ ಮೌನ.

ಮದ್ಯಪಾನವು ಒಂದೇ ಆಜ್ಞೆಯಿಂದ ನಿಷೇಧವಾದದ್ದಲ್ಲ. ಅದರಲ್ಲಿ ಲಾಭಕ್ಕಿಂತ ಪಾಪ ಹೆಚ್ಚೆಂದು ಮೊದಲು ಅಲ್‌ಬಕರದಲ್ಲಿ ತಿಳಿಸಲಾಯಿತು. ನಶೆಯಲ್ಲಿ ನಮಾಝ್‌ನ ಹತ್ತಿರ ಹೋಗಬಾರದೆಂದು ಅನ್ನಿಸಾದಲ್ಲಿ ಹೇಳಲಾಯಿತು. ಕೊನೆಗೆ ಅಲ್‌ಮಾಇದದ ಸ್ಪಷ್ಟ ನಿಷೇಧ ಅವತೀರ್ಣವಾಯಿತು. ಬುದ್ಧಿಯನ್ನು ಮುಚ್ಚುವುದೆಲ್ಲ ಖಮ್ರ್ ಎಂದು ಹಝ್ರತ್ ಉಮರ್(ರ) ಮಿಂಬರಿನಿಂದ ವಿವರಿಸಿದ್ದರು. ಆದ್ದರಿಂದ ಎಂಡಿಎಂಎ ಹರಾಮೋ ಅಲ್ಲವೋ ಎಂಬ ಚರ್ಚೆಗೆ ನಮ್ಮಲ್ಲಿ ಜಾಗವಿಲ್ಲ. ಹರಾಮಿಗೆ ಬಿದ್ದವನನ್ನು ಏನು ಮಾಡಬೇಕೆಂಬುದೇ ಪ್ರಶ್ನೆ. ಅದಕ್ಕೆ ಬುಖಾರಿಯಲ್ಲಿ ಒಂದು ಘಟನೆ ಇದೆ. ಅಬ್ದುಲ್ಲಾ ಎಂಬ ಒಬ್ಬರಿದ್ದರು. ತಮಾಷೆಯ ಮನುಷ್ಯ, ಪ್ರವಾದಿವರ್ಯರನ್ನು(ಸ) ನಗಿಸುತ್ತಿದ್ದವರು. ಕುಡಿತದ ಕಾರಣಕ್ಕೆ ಅವರನ್ನು ಪ್ರವಾದಿವರ್ಯರ(ಸ) ಮುಂದೆ ಮತ್ತೆ ಮತ್ತೆ ತರಲಾಗುತ್ತಿತ್ತು. ಶಿಕ್ಷೆಯೂ ಆಗುತ್ತಿತ್ತು. ಒಮ್ಮೆ ಯಾರೋ, ಇವನನ್ನು ಎಷ್ಟು ಸಲ ತರುವುದಪ್ಪಾ ಎಂದು ಅವರನ್ನು ಶಪಿಸಿದರು. ಪ್ರವಾದಿವರ್ಯರು(ಸ) ಶಪಿಸಬೇಡಿರೆಂದು ತಡೆದರು. ಆತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದು ಆಣೆಯಿಟ್ಟು ಹೇಳಿದರು.

ಗಮನಿಸಿ, ಶಿಕ್ಷೆ ನಿಲ್ಲಲಿಲ್ಲ. ಆದರೆ ಅವರನ್ನು ಮದೀನಾದಿಂದ ಹೊರದೂಡಲಿಲ್ಲ, ಮಸೀದಿಯಿಂದ ದೂರವಿಡಲಿಲ್ಲ. ಅವರ ಮನೆಯ ಹೆಣ್ಣುಮಕ್ಕಳ ಮದುವೆ ತಡೆದದ್ದನ್ನಂತೂ ನಾನು ಎಲ್ಲಿಯೂ ಓದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಕೈಗೆ ಸಿಕ್ಕಿದ್ದನ್ನು ಮನೆಯಲ್ಲಿ ಬಚ್ಚಿಡಬೇಡಿ. ನಿಮ್ಮ ತಾಲೂಕಿನ ನ್ಯಾಯಾಲಯದಲ್ಲಿ ಉಚಿತ ಕಾನೂನು ಸೇವಾ ಸಮಿತಿ ಇದೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಚಿಕಿತ್ಸೆಯ ಬಗ್ಗೆ ಕೇಳಲು 14446 ಎಂಬ ಉಚಿತ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ವಿಭಾಗವಿದೆ. ಸರಕಾರಿ ಮೆಡಿಕಲ್ ಕಾಲೇಜುಗಳ ಮನೋರೋಗ ವಿಭಾಗದಲ್ಲೂ ನೋಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ತೊಂದರೆಯನ್ನೂ ಮಾನಸಿಕ ಕಾಯಿಲೆಯೆಂದೇ ಎಣಿಸುತ್ತದೆ. ರೋಗಿಯ ವಿಷಯವನ್ನು ಗುಟ್ಟಾಗಿಡುವುದು ವೈದ್ಯರ ಬಾಧ್ಯತೆ. ಸಂಕೋಲೆ ಹಾಕಿ ಕಟ್ಟುವುದು ಅದೇ ಕಾಯ್ದೆಯಡಿ ನಿಷಿದ್ಧ. ಆದ್ದರಿಂದ, ಕೂಡಿಹಾಕಿ ಹೊಡೆದು ಚಟ ಬಿಡಿಸುತ್ತೇವೆ ಎಂದು ದುಡ್ಡು ಕೀಳುವ ಕಡೆಗೆ ಮಗನನ್ನು ಒಪ್ಪಿಸಬೇಡಿ. ಮಾರುವವನ ಸುಳಿವು ಸಿಕ್ಕಿದರೆ ಪೊಲೀಸರಿಗೆ ತಿಳಿಸಿ. ಮಾಹಿತಿ ಎಲ್ಲಿಂದ ಬಂತೆಂದು ಹೇಳುವಂತೆ ಅಧಿಕಾರಿಯನ್ನು ಬಲವಂತಪಡಿಸಲಾಗದು ಎಂಬ ಕಲಮೂ ಕಾಯ್ದೆಯಲ್ಲಿದೆ. ಸ್ವಂತ ಮಗನೇ ಮಾರುವವನಾಗಿದ್ದರೆ? ಅನ್ನಿಸಾ ಅಧ್ಯಾಯದ 135ನೇ ಸೂಕ್ತವನ್ನು ತೆರೆದು ಓದಿಕೊಳ್ಳಿ. ಸ್ವಂತದವರ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂಬ ಆದೇಶ ಅಲ್ಲಿದೆ. ಅದನ್ನು ಪಾಲಿಸುವುದು ಸುಲಭ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ.

ಆ ತಾಯಿ ಕೊನೆಗೆ ತಮ್ಮ ಅಣ್ಣನಿಗೆ ಹೇಳಿದರು. ಅಣ್ಣ ಮೊದಲು ವಕೀಲರನ್ನು ಕಂಡು ಬಂದರು, ಆ ಪೊಟ್ಟಣ ಮನೆಯಿಂದ ಹೋಯಿತು. ಹುಡುಗನೊಂದಿಗೆ ಮಾವನೇ ಎರಡು ರಾತ್ರಿ ಕೂತು ಮಾತಾಡಿದರಂತೆ. ಮೊದಲ ರಾತ್ರಿ ಅವನು ಗೆಳೆಯನದ್ದೆಂದ, ಎರಡನೆಯ ರಾತ್ರಿ ಅತ್ತ. ಆಸ್ಪತ್ರೆಗೆ ಸೇರಿ ಹೊರಬಂದ ಮೂರು ತಿಂಗಳಿಗೆ ಮತ್ತೊಮ್ಮೆ ಜಾರಿದ. ಆಗ ಉಮ್ಮ ನನ್ನೆದುರು ತುಂಬ ಬಿಕ್ಕಿದರು. ಹಾಗೆ ಜಾರುವುದೂ ಈ ಕಾಯಿಲೆಯಲ್ಲಿ ಸಾಮಾನ್ಯ, ಚಿಕಿತ್ಸೆ ನಿಲ್ಲಿಸಬೇಡಿ ಎಂದು ವೈದ್ಯರು ಹೇಳಿದ್ದರಿಂದ ಮತ್ತೆ ಕರೆದುಕೊಂಡು ಹೋದರು. ಬಾಪನಿಗೂ ಹೇಳಿಯಾಯಿತು. ಅವರು ಕುಸಿದು ಬೀಳಲಿಲ್ಲ, ರಜೆ ಹಾಕಿ ಬಂದು ಹದಿನೈದು ದಿನ ಮಗನ ಜೊತೆಗೇ ಮಲಗಿದರು.

ಈಗ ಹನ್ನೊಂದು ತಿಂಗಳಾಯಿತು. ತಿಂಗಳಿಗೊಂದು ಮಂಗಳವಾರ ತಾಯಿ ಮಗ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತಾರೆ. ಎಲ್ಲಿಗೆ ಎಂದು ನೆರೆಯವರು ಕೇಳಿದರೆ ಹಲ್ಲಿನ ಡಾಕ್ಟರರಲ್ಲಿಗೆ ಎನ್ನುತ್ತಾರಂತೆ. ಸುಳ್ಳು ಹೇಳುತ್ತಿದ್ದೇನಲ್ಲ ಟೀಚರ್, ಇದಕ್ಕೆ ಏನಾದರೂ ಕಫ್ಫಾರ ಉಂಟಾ ಎಂದು ಮೊನ್ನೆ ಕೇಳಿದರು. ಮಗಳ ನಿಕಾಹ್ ಬರುವ ಶವ್ವಾಲಿನಲ್ಲಿದೆ, ಇನ್‌ಶಾ ಅಲ್ಲಾಹ್.